ಮಗುವಿನ ಚೀಲ, ನನ್ನ ಆಸೆ

ಬರುವ ಬುಧವಾರ ಬಿಡದಿಯ ವಂಡರ್‌ಲಾಗೆ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ನಾನು, ನನ್ನ ಗಂಡ, ಅತ್ತೆ, ತುಮಕೂರಿನಿಂದ ಬರುವ ಭಾವ ಮತ್ತು ಓರಗಿತ್ತಿ. ಜೊತೆಗೆ ಇಬ್ಬರು ಪುಟಾಣಿಗಳು. ಓರಗಿತ್ತಿಯನ್ನು ನಾನು ಅಕ್ಕ ಅಂತಲೇ ಕರೆಯುವುದು. ಅಕ್ಕನ ಮಗನಿಗೆ ಮೂರು ತುಂಬಿದೆ, ನನ್ನ ಮಗಳಿಗೆ ಎರಡು ತುಂಬುವುದರಲ್ಲಿದೆ. ವಾರದ ನಡುವಿನ ದಿನ ಹಿಡಿದದ್ದು ಜನಜಂಗುಳಿ ಕಡಿಮೆ ಇರಲಿ ಅಂತ. ಟಿಕೆಟ್ಟು, ಕಾರು, ಹೊರಡುವ ಹೊತ್ತು ಎಲ್ಲ ಅಣ್ಣತಮ್ಮಂದಿರು ನೋಡಿಕೊಂಡರು. ‘ಮಕ್ಕಳಿಗೆ ಏನೇನು ಬೇಕೋ ನೀನೇ ನೋಡ್ಕೊಂಡ್ಬಿಡು’ ಅನ್ನುವ ಮಾತು ನನ್ನ ಪಾಲಿಗೆ ಬಂತು.

ಸಣ್ಣ ಕೆಲಸ ಅಂದುಕೊಂಡೇ ಒಪ್ಪಿದೆ. ಆದರೆ ಮಕ್ಕಳಿಗೇನು ಬೇಕು ಎಂದು ಯೋಚಿಸಲು ಕೂತಾಗಲೆಲ್ಲ ನನಗೇನು ಬೇಕು ಅನ್ನುವುದು ಅಡ್ಡ ಬರುತ್ತಿದೆ. ಅದನ್ನು ಬದಿಗೆ ತಳ್ಳಿ ಪಟ್ಟಿ ಮುಗಿಸಬಹುದಿತ್ತು. ತಳ್ಳಲು ಮನಸ್ಸಿಲ್ಲ. ಈ ಎರಡು ವರ್ಷದಲ್ಲಿ ನಾನು ತಳ್ಳಿದ್ದೇ ಜಾಸ್ತಿ. ಒಂದು ಸಲವಾದರೂ ಎದುರು ಕೂರಿಸಿಕೊಂಡು ನೋಡೋಣ ಅನ್ನಿಸಿದೆ.

ಮಂಚದ ಮೇಲೆ ಎಲ್ಲವನ್ನೂ ಹರಡಿಕೊಂಡಿದ್ದೇನೆ. ಡೈಪರ್ ಕಟ್ಟು, ವೈಪ್ಸ್, ನಾಲ್ಕಾರು ಜೊತೆ ಬಟ್ಟೆ, ಟವೆಲ್ಲು, ಹತ್ತಿಯ ಟೋಪಿ, ಉಣ್ಣೆ ಟೋಪಿ, ಸ್ವೆಟರು, ಜ್ವರದ ಸಿರಪ್ಪು, ಓಆರ್‌ಎಸ್ ಪೊಟ್ಟಣ, ಫ್ಲಾಸ್ಕು, ರಾಗಿ ಸರಿ ಹಿಟ್ಟು, ಬಾಳೆಹಣ್ಣು, ಕಾಡಿಗೆ ಡಬ್ಬಿ, ಯಾರೋ ಉಡುಗೊರೆ ಕೊಟ್ಟ ನೆಟ್ ಫ್ರಾಕು. ಒಂದೊಂದನ್ನೇ ಕೈಗೆತ್ತಿಕೊಂಡು, ಇದನ್ನು ಯಾರಿಗಾಗಿ ಇಟ್ಟೆ ಎಂದು ಕೇಳಿಕೊಂಡೆ. ಹತ್ತಿ ಟೋಪಿ ಮಗಳಿಗಾಗಿಯೇ. ಉಣ್ಣೆ ಟೋಪಿ ಮತ್ತು ಸ್ವೆಟರು? ಆ ಬಿಸಿಲಲ್ಲಿ ಅವಳಿಗೆ ಎರಡೂ ಬೇಡ. ನೀರಿನಿಂದ ಎದ್ದ ಮೇಲೆ ಒಣ ಟವೆಲ್ಲು, ಒಣ ಬಟ್ಟೆ ಇದ್ದರೆ ಸಾಕು. ಅವನ್ನು ಇಟ್ಟದ್ದು ‘ಮಗೂಗೆ ಒಂದು ಸ್ವೆಟರ್ ಕೂಡ ತಂದಿಲ್ವಾ’ ಎಂದು ಯಾರಾದರೂ ಕೇಳಿಯಾರು ಅಂತ. ಹಾಗೆ ಕೇಳುವವರು ಈ ಸಲ ಜೊತೆಗೆ ಬರುತ್ತಲೂ ಇಲ್ಲ. ಆದರೂ ಅವರ ದನಿ ನನ್ನ ತಲೆಯೊಳಗೆ ಮನೆ ಮಾಡಿದೆ. ನೆಟ್ ಫ್ರಾಕು ಫೋಟೋಕ್ಕೆ. ಅದನ್ನು ತೊಡಿಸಿದಾಗಲೆಲ್ಲ ಅವಳು ಕುತ್ತಿಗೆಯ ಹತ್ತಿರ ಬೆರಳು ತೂರಿಸಿ ಎಳೆಯುತ್ತಾಳೆ, ಅಲ್ಲಿ ಚರ್ಮ ಕೆಂಪಾಗುತ್ತದೆ. ಗೊತ್ತಿದ್ದೂ ಚೀಲದ ಹತ್ತಿರ ತಂದಿಟ್ಟಿದ್ದೆ. ಮಂಚದ ಮೇಲೀಗ ಎರಡು ಗುಡ್ಡೆ: ಮಗುವಿಗೆ ಬೇಕಾದದ್ದು ಒಂದು, ನನ್ನ ಅಂಜಿಕೆಗೂ ಅಭಿಮಾನಕ್ಕೂ ಬೇಕಾದದ್ದು ಇನ್ನೊಂದು. ಎರಡನೆಯದೇ ದೊಡ್ಡದಾಗಿದೆ.

ಆದ್ದರಿಂದ ಮಗುವಿನ ಕಡೆಯಿಂದಲೇ ಮೊದಲು ಮಾಡುತ್ತೇನೆ. ಅವಳಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ನಿದ್ದೆ, ಅದನ್ನು ಚೀಲಕ್ಕೆ ಹಾಕಲು ಬರುವುದಿಲ್ಲ. ಪಾರ್ಕಿನ ಬಾಗಿಲು ತೆಗೆಯುವುದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ನೀರಿನ ಆಟಗಳು ಶುರುವಾಗುವಾಗ ಮಧ್ಯಾಹ್ನ. ನನ್ನ ಮಗಳು ಮಲಗುವುದೂ ಸರಿಯಾಗಿ ಅದೇ ಹೊತ್ತಿಗೆ. ದೊಡ್ಡವರ ಆಟ ರಂಗೇರುವ ಹೊತ್ತು, ಅವಳ ಕಣ್ಣು ಕೂರುವ ಹೊತ್ತು ಎರಡೂ ಒಂದೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಹಗಲು ನಿದ್ದೆಯೂ ಸೇರಿ ಒಂದರಿಂದ ಎರಡು ವರ್ಷದವರಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು-ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ಅದರಲ್ಲಿದೆ. ತಳ್ಳುಗಾಡಿಯಲ್ಲೋ ಕುರ್ಚಿಯಲ್ಲೋ ಬೆನ್ನಿಗೆ ಕಟ್ಟಿಕೊಂಡೋ ಮಗುವನ್ನು ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಅಲುಗಾಡದಂತೆ ಇಡಬಾರದು ಅಂತಲೂ ಅದೇ ಮಾರ್ಗಸೂಚಿ ಹೇಳುತ್ತದೆ. ವಿಜಯನಗರದಿಂದ ಬಿಡದಿಗೆ ಮೈಸೂರು ರಸ್ತೆಯಲ್ಲಿ ಕಾರಿನ ಸೀಟಿಗೆ ಕಟ್ಟಿಸಿಕೊಂಡು ಕೂತವಳನ್ನು ಇಳಿದ ಕೂಡಲೇ ತಳ್ಳುಗಾಡಿಗೆ ಕಟ್ಟಿದರೆ ಅವಳು ಕಿರುಚದೆ ಇನ್ನೇನು ಮಾಡಿಯಾಳು? ಆಮೇಲೆ ನಾವು ‘ಹಟ ಜಾಸ್ತಿ ಆಗಿದೆ ಇವಳಿಗೆ’ ಅನ್ನುತ್ತೇವೆ. ಹಟ ಅಂತ ನಾನೇ ಎಷ್ಟೋ ಸಲ ಅಂದಿದ್ದೇನೆ, ನಿದ್ದೆಗೆಟ್ಟ ಮಗುವಿಗೆ ಎದುರಾಗಿ, ನಾಲ್ಕು ಜನರ ಮುಂದೆ.

ಅಂದಮೇಲೆ ಮೊದಲ ತೀರ್ಮಾನ ಇದು. ಇಳಿದ ಕೂಡಲೇ ಇಬ್ಬರನ್ನೂ ನೆಲಕ್ಕೆ ಬಿಡುವುದು, ಓಡಾಡಲಿ. ಹನ್ನೊಂದರಿಂದ ಹನ್ನೆರಡೂವರೆ ಅವರದು. ಆಮೇಲೆ ನೆರಳಿರುವ ಒಂದು ಜಾಗದಲ್ಲಿ ಹಳೆಯ ಕಾಟನ್ ಸೀರೆ ಹಾಸಿ ಮಲಗಿಸುವುದು. ಸವೆದು ಮೆತ್ತಗಾದ ಆ ಸೀರೆ ಅತ್ತೆಯದು, ಅದರ ವಾಸನೆ ಮಗಳಿಗೆ ಗೊತ್ತು. ಹೊಸ ಜಾಗದ ಗದ್ದಲದಲ್ಲಿ ಗುರುತಿನ ವಾಸನೆ ಒಂದಿದ್ದರೆ ಅವಳು ಬೇಗ ಸೋಲುತ್ತಾಳೆ. ಪಟ್ಟಿಯಲ್ಲಿ ಆಟಿಕೆಗಳನ್ನೆಲ್ಲ ಹೊಡೆದು ಹಾಕಿ ಸೀರೆ ಎಂದು ಬರೆದುಕೊಂಡೆ.

ನೀರಿನ ವಿಷಯದಲ್ಲಿ ಸಲಿಗೆ ಕೊಡಲು ನಾನು ಸಿದ್ಧಳಿಲ್ಲ. ಅಲ್ಲಿ ಕೊಳಕ್ಕಿಳಿಯಲು ನೈಲಾನಿನಂಥ ಬಟ್ಟೆಯೇ ಬೇಕು, ಹತ್ತಿಯದ್ದಕ್ಕೆ ಬಿಡುವುದಿಲ್ಲ. ಹತ್ತಿ ನೀರು ಕುಡಿದು ಭಾರವಾಗುತ್ತದೆ, ಅದರ ಎಳೆಗಳು ಶುದ್ಧೀಕರಣದ ಜಾಲರಿಗೆ ಸಿಕ್ಕಿಕೊಳ್ಳುತ್ತವೆ. ಮಾಮೂಲಿ ಡೈಪರ್ ಹಾಕಿ ಇಳಿಸಿದರೆ ಅದು ಕೊಳದ ನೀರನ್ನೇ ಹೀರಿ ಊದಿಕೊಂಡು ಮಗುವನ್ನು ಕೆಳಕ್ಕೆ ಜಗ್ಗುತ್ತದೆ. ಈಜುಡೈಪರ್ ಅಂತ ಬೇರೆಯೇ ಸಿಗುತ್ತದೆ. ಅದು ಮಲವನ್ನು ತಡೆದೀತು, ಮೂತ್ರವನ್ನಲ್ಲ. ಹಾಗಾಗಿ ಆಗಾಗ ಮೇಲೆ ಕರೆದುಕೊಂಡು ಬಂದು ನೋಡುತ್ತಿರಬೇಕು. ತೋಳಿಗೆ ಹಾಕುವ ಗಾಳಿ ತುಂಬಿದ ಬಳೆಗಳನ್ನು ಭಾವ ಆಗಲೇ ತಂದಿಟ್ಟಿದ್ದಾರೆ, ಬಣ್ಣಬಣ್ಣದವು, ಪ್ರೀತಿಯಿಂದ ತಂದದ್ದು. ಆದರೆ ಅವು ಆಟದ ಸಾಮಾನು, ಜೀವ ಕಾಯುವ ಸಾಧನವಲ್ಲ. ಅವು ಜಾರಬಹುದು, ಗಾಳಿ ಇಳಿಯಬಹುದು. ಅದಕ್ಕಿಂತ ಮುಖ್ಯ, ಅವನ್ನು ಹಾಕಿದ್ದೇವೆ ಎಂಬ ಧೈರ್ಯದಲ್ಲಿ ದೊಡ್ಡವರ ಕಣ್ಣು ಬೇರೆಡೆ ಹೋಗುತ್ತದೆ. ಎರಡು ವರ್ಷದ ಮಗು ಮುಳುಗಲು ಆಳದ ನೀರು ಬೇಕಿಲ್ಲ, ಮೂಗು ಬಾಯಿ ಮುಚ್ಚುವಷ್ಟು ಇದ್ದರೆ ಸಾಕು. ಸಿನಿಮಾದಲ್ಲಿ ತೋರಿಸುವಂತೆ ಕೈ ಬಡಿಯುವುದು, ಕೂಗುವುದು ಇರುವುದಿಲ್ಲ. ಸದ್ದೇ ಆಗುವುದಿಲ್ಲ. ಆ ವಯಸ್ಸಿನ ಮಗುವಿನ ತಲೆ ಮೈಯುದ್ದದ ಐದನೇ ಒಂದರಷ್ಟು ಇರುತ್ತದೆ, ನಮ್ಮ ಅಳತೆಗೆ ಹೋಲಿಸಿದರೆ ಬಲು ಭಾರ. ಮುಂದಕ್ಕೆ ಮುಗ್ಗರಿಸಿದರೆ ಎತ್ತಿಕೊಳ್ಳಲು ಕತ್ತಿಗೆ ಶಕ್ತಿ ಸಾಲದು. ವೇಗದ ಆಟಗಳಿಗೆ ವಯಸ್ಸು ಕೇಳದೆ ಎತ್ತರ ಅಳೆದು ಬಿಡುವುದಕ್ಕೂ ಮೈಯ ಅಳತೆಯೇ ಕಾರಣ. ಎದೆಗೆ, ತೊಡೆಗೆ ಬಂದು ಕೂರುವ ಸರಳು ಚಿಕ್ಕ ಮೈಯನ್ನು ಹಿಡಿದಿಡಲಾರದು. ಎರಡು ಸೆಂಟಿಮೀಟರ್ ಕಡಿಮೆ ಇದ್ದರೇನಂತೆ, ಬಿಡಿ ಸಾರ್ ಎಂದು ಸಿಬ್ಬಂದಿಯ ಜೊತೆ ಜಗ್ಗಾಡುವ ಅಪ್ಪಂದಿರನ್ನು ನೋಡಿದ್ದೇನೆ. ನನಗೆ ಸಿಟ್ಟು ಬರುತ್ತದೆ.

ಊಟದ ಚಿಂತೆ ಅಷ್ಟಿಲ್ಲ. ದಾರಿಯಲ್ಲಿ ಬಿಡದಿಯ ತಟ್ಟೆ ಇಡ್ಲಿ ಇದೆ, ಮೆತ್ತಗೆ, ಬಿಸಿಯಾಗಿ. ಬೆಣ್ಣೆ ಬೇಕಾದರೆ ನಮಗಿರಲಿ, ಮಕ್ಕಳಿಗೆ ಇಡ್ಲಿ ಒಂದೇ ಸಾಕು. ಒಳಗೆ ಹೊರಗಿನ ತಿಂಡಿಗೆ ತಡೆ ಇರುವುದರಿಂದ ಮಗುವಿನ ಆಹಾರದ ಮಟ್ಟಿಗೆ ಮೊದಲೇ ಫೋನು ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. ಪಾಪ್‌ಕಾರ್ನ್ ಮಾತ್ರ ಇಬ್ಬರ ಕೈಗೂ ಬರಕೂಡದು. ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಪಾಪ್‌ಕಾರ್ನ್ ನಾಲ್ಕು ವರ್ಷದೊಳಗಿನವರ ಗಂಟಲಿಗೆ ಸಿಕ್ಕಿಕೊಳ್ಳುವಂಥವು, ಅದರಲ್ಲೂ ಓಡುತ್ತಾ ನಗುತ್ತಾ ತಿನ್ನುವಾಗ. ನೀರನ್ನು ಗುಟುಕು ಗುಟುಕಾಗಿ ಕೇಳದಿದ್ದರೂ ಕುಡಿಸುತ್ತಿರಬೇಕು, ಆಟದ ಅಮಲಿನಲ್ಲಿ ಮಕ್ಕಳಿಗೆ ಬಾಯಾರಿಕೆ ತಿಳಿಯುವುದಿಲ್ಲ. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು, ಲೋಟಕ್ಕೆ ಚಿಟಿಕೆ ಹಾಕಿ ಅಂದಾಜಿನಲ್ಲಿ ಕುಡಿಸುವಂತಿಲ್ಲ.

ಇಷ್ಟಾದರೆ ಮಗುವಿನ ಗುಡ್ಡೆ ಒಂದು ಸಣ್ಣ ಚೀಲಕ್ಕೆ ಹಿಡಿಸುತ್ತದೆ. ಹಾಗಾದರೆ ನಾನು ಮೂರು ಚೀಲ ತುಂಬಲು ಹೊರಟಿದ್ದೇಕೆ? ಎರಡು ರಾತ್ರಿಯಿಂದ ತಲೆ ಕೊರೆಯುತ್ತಿರುವುದು ಇದೇ.

ಮೊನ್ನೆ ಮಗಳು ಬಚ್ಚಲಲ್ಲಿ ಕೂತು ಒಂದು ಸ್ಟೀಲ್ ಲೋಟದಿಂದ ಇನ್ನೊಂದಕ್ಕೆ ನೀರು ಸುರಿಯುತ್ತಿದ್ದಳು. ತುಂಬಿ ಚೆಲ್ಲಿದಾಗ ‘ಹೋತು’ ಅನ್ನುವುದು, ತಲೆಯೆತ್ತಿ ನನ್ನ ಮುಖ ನೋಡುವುದು, ನಾನೂ ‘ಹೋತು’ ಅಂದರೆ ಮತ್ತೆ ಬಗ್ಗಿ ತುಂಬುವುದು. ನಾನು ಫೋನು ನೋಡಲು ಶುರು ಮಾಡಿದೆ. ಅವಳು ‘ಹೋತು’ ಅಂದಳು, ನಾನು ಮಾತಾಡಲಿಲ್ಲ. ಇನ್ನೊಂದು ಸಲ ಅಂದಳು. ಆಮೇಲೆ ಲೋಟ ಬಿಟ್ಟು ಎದ್ದು ಬಂದು ನನ್ನ ಗಲ್ಲವನ್ನು ಒದ್ದೆ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿದಳು. ನೀರು, ಲೋಟ ಎಲ್ಲ ಅಲ್ಲೇ ಇತ್ತು, ಆಟ ಮಾತ್ರ ನಿಂತುಹೋಗಿತ್ತು. ಅವಳ ಆಟದಲ್ಲಿ ನಾನೂ ಒಂದು ಸಾಮಾನು, ನನ್ನನ್ನು ತೆಗೆದರೆ ಆಟವೇ ಇಲ್ಲ.

ಪಾರ್ಕಿನಲ್ಲೂ ಅಷ್ಟೇ. ಬಣ್ಣದ ಕುದುರೆ ತಿರುಗುವಾಗ ಪ್ರತಿ ಸುತ್ತಿಗೂ ಅವಳು ಹುಡುಕುವುದು ಹೊರಗೆ ನಿಂತ ಒಂದು ಮುಖವನ್ನು. ಒಂದೇ ಆಟವನ್ನು ಮತ್ತೆ ಮತ್ತೆ ಕೇಳುತ್ತಾಳೆ, ಉಳಿದದ್ದನ್ನು ತಿರುಗಿಯೂ ನೋಡುವುದಿಲ್ಲ. ದೊಡ್ಡ ತಲೆಯ ಗೊಂಬೆ ವೇಷದವರು ಕೈಕುಲುಕಲು ಬಂದರೆ ಹೆದರಿ ಕುತ್ತಿಗೆಗೆ ಜೋತು ಬೀಳುತ್ತಾಳೆ. ಆಗ ಅವಳನ್ನು ‘ಏ ಹೆದರ್ಬೇಡ, ಹಾಯ್ ಮಾಡು’ ಎಂದು ಮುಂದೆ ತಳ್ಳದೆ, ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿಯಲು ಒಬ್ಬರು ಬೇಕು. ಬೇರೇನೂ ಕೆಲಸವಿಲ್ಲದ, ಕೈಯಲ್ಲಿ ಫೋನಿಲ್ಲದ, ಮುಂದಿನ ರೈಡಿನ ಸಾಲು ಎಷ್ಟುದ್ದವಿದೆ ಎಂದು ಕತ್ತು ಚಾಚದ ಒಬ್ಬ ದೊಡ್ಡವರು ಪ್ರತಿ ಮಗುವಿಗೂ ಬೇಕು. ನೀರಿನಲ್ಲಂತೂ ಕೈಗೆಟಕುವಷ್ಟು ಹತ್ತಿರ. ಮಕ್ಕಳಿಗೆ ಏನು ಬೇಕು ಎಂಬ ಪ್ರಶ್ನೆಗೆ ನಿಜವಾದ ಉತ್ತರ ಇದೊಂದೇ. ನಾನು ಮೂರು ಚೀಲ ತುಂಬುತ್ತಿದ್ದದ್ದು ಈ ಉತ್ತರದ ಎದುರು ನಿಲ್ಲಲಾರದೆ. ಸಾಮಾನು ಅಂಗಡಿಯಲ್ಲಿ ಸಿಗುತ್ತದೆ, ಹೊಂದಿಸುತ್ತಾ ಹೋದರೆ ತಾಯಿಯ ಕರ್ತವ್ಯ ಮುಗಿದಂತೆ ತೋರುತ್ತದೆ. ಇನ್ನೊಬ್ಬರಿಗಾಗಿ ಬಿಟ್ಟುಕೊಡಬೇಕಾದ ಹೊತ್ತು ಹಾಗೆ ಸಿಗುವಂಥದ್ದಲ್ಲ. ಅದನ್ನು ಯಾರದಾದರೂ ದಿನದಿಂದ ಕತ್ತರಿಸಿಕೊಡಬೇಕು.

ಯಾರ ದಿನದಿಂದ?

ನನಗೆ ರೋಲರ್ ಕೋಸ್ಟರ್ ಹತ್ತಬೇಕು. ಇಷ್ಟನ್ನು ಬರೆಯಲು ಇಷ್ಟು ಹೊತ್ತು ತೆಗೆದುಕೊಂಡೆ. ಬಿಡದಿಯ ಈ ಪಾರ್ಕು ಶುರುವಾದದ್ದು 2005ರಲ್ಲಿ. ಆಗ ನಾನು ಶಾಲೆಯಲ್ಲಿದ್ದೆ, ಪೇಪರಿನಲ್ಲಿ ಚಿತ್ರ ನೋಡಿದ್ದಷ್ಟೇ. ಕಾಲೇಜಿಗೆ ಬಂದ ಮೇಲೆ ಗೆಳತಿಯರ ಜೊತೆ ಹೋದೆ. ರೀಕಾಯ್ಲ್ ಎಂಬ ರೈಡು, ಮುಂದಕ್ಕೆ ತಲೆಕೆಳಗಾಗಿ ಸುತ್ತಿಸಿ ಆಮೇಲೆ ಅದೇ ದಾರಿಯಲ್ಲಿ ಹಿಮ್ಮುಖವಾಗಿ ಸುತ್ತಿಸಿಕೊಂಡು ಬರುವಂಥದ್ದು. ಇಳಿದಾಗ ಕಾಲು ನಡುಗುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. ನನ್ನ ಬಾಯಿಂದ ಅಷ್ಟು ದೊಡ್ಡ ಕೂಗು ಬರಬಹುದೆಂದು ನನಗೇ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ದನಿ ಎತ್ತುವ ರೂಢಿ ಇರಲಿಲ್ಲ. ಅಲ್ಲಿ ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ, ಎಲ್ಲರೂ ಕೂಗುತ್ತಿರುತ್ತಾರೆ. ಆ ಕೂಗು ನನಗೆ ಇನ್ನೊಮ್ಮೆ ಬೇಕು. ಮಗಳು ಹುಟ್ಟಿದ ಮೇಲೆ ಈ ಆಸೆ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ತಾಯಿಯಾದವಳಿಗೆ ಇದೆಂಥ ಆಸೆ ಎಂದು ಯಾರೂ ಬಾಯಿಬಿಟ್ಟು ಅಂದಿಲ್ಲ. ನಾನೇ ಅಂದುಕೊಂಡು ನಾನೇ ತಲೆ ತಗ್ಗಿಸುತ್ತಿದ್ದೇನೆ. ತಗ್ಗಿಸಬೇಕಾದ ಕಾರಣ ಹುಡುಕಿದರೆ ಸಿಗುವುದಿಲ್ಲ. ಆಸೆ ಇದ್ದರೆ ಮಗುವಿನ ಮೇಲಿನ ಪ್ರೀತಿಯಲ್ಲಿ ಒಂದು ಗುಂಜಿಯೂ ಕಡಿಮೆಯಾಗುವುದಿಲ್ಲ.

ಅದಕ್ಕಿಂತ ಕಷ್ಟದ ಇನ್ನೊಂದು ಸಂಗತಿ ಇದೆ. ಆ ಆಸೆಯನ್ನು ಒಪ್ಪಿಕೊಳ್ಳದಿದ್ದರೂ ಮನಸ್ಸು ಒಳಗೊಳಗೇ ಅದಕ್ಕೆ ದಾರಿ ಮಾಡಿಟ್ಟುಕೊಂಡಿತ್ತು: ಮಕ್ಕಳ ಜೊತೆ ಅತ್ತೆ ಕೂರುತ್ತಾರೆ. ಯಾರೂ ಅವರನ್ನು ಕೇಳಿಲ್ಲ. ನಾನೂ ಕೇಳಿರಲಿಲ್ಲ. ಅವರಿಗೆ ಮಂಡಿ ನೋವು, ಹೇಗೂ ಯಾವುದನ್ನೂ ಹತ್ತುವುದಿಲ್ಲ, ನೆರಳಲ್ಲಿ ಕೂತಿರುತ್ತಾರೆ, ಹೀಗೆಲ್ಲ ನಾನೇ ಲೆಕ್ಕ ಹಾಕಿಕೊಂಡಿದ್ದೆ. ನಿನ್ನೆ ಸಂಜೆ ಅವರು ಹುರುಳಿಕಾಯಿ ಸೋಸುತ್ತಾ, ‘ಅಲ್ಲೇನೋ ಸಮುದ್ರದ ಹಂಗೆ ಅಲೆ ಬರೋ ನೀರಿದೆಯಂತಲ್ಲಮ್ಮ, ಟಿವೀಲಿ ನೋಡಿದ್ದೆ. ಅದರಲ್ಲಿ ಕಾಲಿಡಬೇಕು ಕಣಮ್ಮ ನಾನು. ಅದಕ್ಕೆ ಏನು ಬಟ್ಟೆ ಹಾಕ್ಕೋಬೇಕು, ನನಗೂ ಒಂದು ತಗೊಂಡ್ಬಿಡು’ ಅಂದರು. ಕೈ ಮಾತ್ರ ನಾರು ತೆಗೆಯುತ್ತಲೇ ಇತ್ತು. ಅರವತ್ತೈದು ದಾಟಿದ ಅವರು ಕಡಲು ನೋಡಿರುವುದು ಒಂದೇ ಸಲ, ಮುರುಡೇಶ್ವರದಲ್ಲಿ, ಅದೂ ಮೊಮ್ಮಗನನ್ನು ಎತ್ತಿಕೊಂಡು ದಡದಲ್ಲಿ ನಿಂತು. ನಮ್ಮ ಚಪ್ಪಲಿ, ಪರ್ಸು ಎಲ್ಲ ಅವತ್ತು ಅವರ ಹತ್ತಿರವೇ ಇತ್ತು.

ಜಾತ್ರೆಯ ಕಾಲದಲ್ಲಿ ಮಕ್ಕಳನ್ನು ಹೊತ್ತು ತಿರುಗಲು ಎಷ್ಟೊಂದು ಜನ ಇದ್ದರು, ಈಗ ಯಾರೂ ಇಲ್ಲ ಅನ್ನುವ ಮಾತನ್ನು ನಾನೂ ಆಡಿದ್ದುಂಟು. ಸೋದರಮಾವನ ಹೆಗಲೇರಿ ತೇರು ನೋಡಿದ ನೆನಪು ನನಗೂ ಇದೆ. ಆದರೆ ಹೆಗಲು ಕೊಟ್ಟ ಮಾವನ ಮುಖ ನೆನಪಿರುವಂತೆ, ಮನೆಯಲ್ಲೇ ಉಳಿದು ಕೂಸುಗಳನ್ನು ಕಾದ ಹೆಂಗಸರು ಯಾರ್‍ಯಾರು ಎಂಬುದು ನೆನಪಿಲ್ಲ. ಅವರಲ್ಲಿ ಯಾರಿಗೆ ಜಾತ್ರೆಯ ತಿರುಗುವ ತೊಟ್ಟಿಲು ಹತ್ತುವ ಆಸೆ ಇತ್ತೋ. ಕೇಳಿದವರಿರಲಿಲ್ಲ.

ಮಗಳಿಗೆ ಬುಧವಾರ ನೆನಪಿರುವುದಿಲ್ಲ. ದೊಡ್ಡವರ ಮೊಟ್ಟಮೊದಲ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದಿಂದೀಚೆಗಿನದು. ಅದಕ್ಕೇ ಇಷ್ಟು ಚಿಕ್ಕವರನ್ನು ಕರೆದುಕೊಂಡು ಹೋಗುವುದು ದಂಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇವತ್ತಿನ ಸಂತೋಷ ನಾಳೆ ನೆನಪಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದಾದರೆ ಹಾಡಿ ಮಲಗಿಸಿದ್ದು, ಎಣ್ಣೆ ಹಚ್ಚಿ ನೀರೆರೆದದ್ದು ಎಲ್ಲವೂ ದಂಡವೇ. ಆದರೆ ಬರೀ ಅವಳಿಗಾಗಿಯೇ ಆಗಿದ್ದರೆ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ರೈಲೇ ಸಾಕಿತ್ತು. ಮರದ ನೆರಳಿದೆ, ಮನೆಗೆ ಹತ್ತಿರ, ದುಡ್ಡೂ ಕಡಿಮೆ. ಬಿಡದಿಗೆ ಹೋಗುತ್ತಿರುವುದು ನಮಗಾಗಿ. ಹಾಗೆಂದು ಬಾಯಿಬಿಟ್ಟು ಹೇಳಿಕೊಂಡರೆ ಮಗುವಿನ ಮೇಲಿನ ಹೊರೆ ಇಳಿಯುತ್ತದೆ. ಇಲ್ಲದಿದ್ದರೆ ‘ನಿನಗೋಸ್ಕರ ಇಷ್ಟು ದೂರ ಬಂದ್ವಿ, ನೀನು ನೋಡಿದ್ರೆ ಅಳ್ತೀಯ’ ಎಂದು ಅವಳ ಮೇಲೆ ರೇಗುತ್ತೇವೆ. ದೊಡ್ಡವರ ಟಿಕೆಟ್ಟಿಗೆ ತಲೆಗೆ ಸಾವಿರಕ್ಕೂ ಮೇಲಾಗುತ್ತದೆ, ದುಡ್ಡು ವಸೂಲಾಗಬೇಕು ಅನ್ನುವುದು ಎಲ್ಲರ ಹೊಟ್ಟೆಯೊಳಗೂ ಇರುತ್ತದೆ. ಆ ವಸೂಲಿಯ ಭಾರ ಎರಡು ವರ್ಷದವಳ ಮೇಲೆ ಬೀಳಬಾರದು. ಅವಳ ಶಕ್ತಿ ಇರುವುದು ಮೂರು ಗಂಟೆಗೆ, ನಾವು ಟಿಕೆಟ್ ಕೊಂಡಿರುವುದು ಇಡೀ ದಿನಕ್ಕೆ.

ಇವತ್ತು ರಾತ್ರಿ ಊಟವಾದ ಮೇಲೆ ಗಂಡನ ಹತ್ತಿರ ಮಾತಾಡಿದೆ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರು, ಒಂದು ಮಗುವಿಗೆ ಒಬ್ಬರು, ಫೋನು ಲಾಕರಿನಲ್ಲಿ. ಸರದಿ ಬದಲಾಗುವಾಗ ‘ಈಗ ನಿನ್ನದು’ ಎಂದು ಬಾಯಿಬಿಟ್ಟು ಹೇಳಿಯೇ ಕೈ ಬಿಡುವುದು, ಯಾರೋ ನೋಡಿಕೊಳ್ಳುತ್ತಿರಬೇಕು ಅಂದುಕೊಳ್ಳುವಂತಿಲ್ಲ. ಮಕ್ಕಳ ಅಂಗಿಯ ಒಳಬದಿಯಲ್ಲಿ ನಮ್ಮಿಬ್ಬರ ಫೋನ್ ನಂಬರು ಬರೆಯುವುದು. ಮೊದಲ ಸರದಿ ಅವನು ಮತ್ತು ಭಾವ ನೋಡಿಕೊಳ್ಳಬೇಕು, ಆ ಹೊತ್ತಿನಲ್ಲಿ ನಾನೂ ಅಕ್ಕನೂ ಹೋಗುತ್ತೇವೆ. ವೇವ್ ಪೂಲಿಗೆ ಅತ್ತೆಯ ಕೈ ಹಿಡಿದುಕೊಂಡು ನಾನು ಇಳಿಯುತ್ತೇನೆ, ಆಗ ಮಕ್ಕಳು ಮಲಗಿರುತ್ತಾರೆ, ಸೀರೆಯ ಹತ್ತಿರ ಅವನೂ ಭಾವನೂ ಕೂತಿರಬೇಕು. ಸಂಜೆ ನಾಲ್ಕರ ಹೊತ್ತಿಗೆ ಮಕ್ಕಳು ಸೋತರೆ ಒಂದು ಕಾರು ಹೊರಟುಬಿಡುವುದು, ಉಳಿಯುವವರು ಉಳಿಯಲಿ. ಅಕ್ಕನಿಗೆ ಫೋನು ಮಾಡಿ ಹೇಳಿದಾಗ ಅವರು ಮೊದಲು, ‘ಅಯ್ಯೋ, ನಾನು ಮಕ್ಕಳ ಹತ್ರ ಇರ್ತೀನಿ ಬಿಡು, ನೀವೆಲ್ಲ ಆಡಿ’ ಅಂದರು. ನಾನು ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ, ‘ಆ ತಲೆಕೆಳಗಾಗೋದು ಬೇಡಪ್ಪ ನನಗೆ. ಬೇರೆ ಏನಿದೆ ಅಲ್ಲಿ?’ ಎಂದು ಕೇಳಿದರು.

ಗಂಡ ಎಲ್ಲದಕ್ಕೂ ಹೂಂ ಅಂದ. ಆಮೇಲೆ, ‘ಅವಳಿಗೆ ನಿದ್ದೆ ಬಂದಿದೆ ಅಂತ ಹೇಗೆ ಗೊತ್ತಾಗುತ್ತೆ?’ ಎಂದು ಕೇಳಿದ. ಎಡಗಿವಿ ಎಳೆದುಕೊಳ್ಳುತ್ತಾಳೆ, ಅಳು ಶುರುವಾಗುವುದು ಅದಾದ ಮೇಲೆ ಎಂದೆ. ಅವನು ಅದನ್ನು ಫೋನಿನಲ್ಲಿ ಬರೆದುಕೊಂಡ. ಇನ್ನೂ ಏನೇನು ಬರೆದುಕೊಳ್ಳಬೇಕು ಎಂದಾಗ ನಾನು ಹೇಳುತ್ತಾ ಹೋದೆ: ಮಲಗುವ ಮುಂಚೆ ಬೆನ್ನು ತಟ್ಟಬೇಡ, ಪಾದ ಉಜ್ಜು, ನೀರು ಕುಡಿಯದಿದ್ದರೆ ಲೋಟದ ಬದಲು ಬಾಟಲಿ ಮುಚ್ಚಳದಲ್ಲಿ ಕೊಡು, ಎತ್ತಿಕೋ ಅಂದಾಗ ಆಮೇಲೆ ಅನ್ನಬೇಡ. ಎರಡು ವರ್ಷದಲ್ಲಿ ನನಗೆ ಇಷ್ಟೆಲ್ಲ ಗೊತ್ತಾಗಿದೆ ಎಂಬುದು ಹೇಳುವಾಗಲೇ ತಿಳಿದದ್ದು. ಇದನ್ನು ನನ್ನೊಬ್ಬಳಲ್ಲೇ ಇಟ್ಟುಕೊಳ್ಳುವುದರಲ್ಲಿ ನನಗೊಂದು ಹೆಮ್ಮೆಯೂ ಇತ್ತು, ಅದೂ ನಿಜ. ಅಮ್ಮನೇ ಬೇಕು ಎಂದು ಅವಳು ಅತ್ತಾಗ ಬೇಸರದ ಜೊತೆಗೆ ಬರುವ ಒಂದು ತೃಪ್ತಿ, ಅದನ್ನು ಬಿಟ್ಟುಕೊಡಬೇಕಾದೀತು. ರೈಡಿನ ಸಾಲಿನಲ್ಲಿ ನಿಂತಾಗ ಅವಳು ಅಪ್ಪನ ಹತ್ತಿರ ಅಳದೆ ಆಡುತ್ತಿದ್ದರೆ ನನಗೆ ಹಾಯೆನಿಸುವುದೋ ನೋವಾಗುವುದೋ, ಈಗಲೇ ಹೇಳಲಾರೆ. ಎರಡೂ ಆಗಬಹುದು. ಆದರೂ ಸಾಲು ಬಿಟ್ಟು ಬರುವುದಿಲ್ಲ.

ಅತ್ತೆಗೆ ನೈಲಾನ್ ಬಟ್ಟೆ ಇನ್ನೂ ಕೊಂಡಿಲ್ಲ. ನಾಳೆ ಗಾಂಧಿಬಜಾರಿನ ಕಡೆ ಹೋಗಬೇಕು, ತೋಳು ಉದ್ದ ಇರುವಂಥದ್ದು, ಅವರಿಗೆ ಮುಜುಗರವಾಗದಂಥದ್ದು ಸಿಗುತ್ತದೋ ನೋಡಬೇಕು.